ಕೋಲು ಹಿಡಿದ ತಮ್ಮನವರಿಗೆ, ಕೊನೆಯ ಸಾಲಿನಿಂದ

ಮಾನ್ಯ ವಾದ್ಯವೃಂದ ನಿರ್ದೇಶಕರೇ,

ತಮಗಿಂತ ಮೊದಲು ಹುಟ್ಟುವ ಉದ್ಧಟತನ ತೋರಿದ ಅಕ್ಕನ ಅನಂತಾನಂತ ನಮಸ್ಕಾರಗಳು. ತಾಲೀಮಿನ ಕೋಣೆಯಲ್ಲಿ ನೆಂಟಸ್ತಿಕೆ ಬೇಡವೆಂದು ತಾವು ಅಪ್ಪಣೆ ಕೊಡಿಸಿರುವುದರಿಂದ, ಈ ಪತ್ರದಲ್ಲಿ ‘ತಮ್ಮ’ ಎಂದು ಬಂದಲ್ಲೆಲ್ಲ ಅದನ್ನು ಗೌರವವಾಚಕವೆಂದೇ ಓದಿಕೊಳ್ಳಬೇಕಾಗಿ ವಿನಂತಿ.

ತಾವು ಪಿಟೀಲು ಕೆಳಗಿಟ್ಟು ಕೋಲು ಹಿಡಿದಂದಿನಿಂದ ಮನೆತನದ ಕೀರ್ತಿ ಎಲ್ಲೆಡೆ ಹಬ್ಬಿದೆ. ಮಗ ಕಂಡಕ್ಟರ್ ಆದನೆಂದು ಅಮ್ಮ ಹೇಳಿಕೊಂಡಾಗ ದೊಡ್ಡಮ್ಮ, “ಅಯ್ಯೋ ಪಾಪ, ಯಾವ ರೂಟ್ ಕೊಟ್ಟಿದ್ದಾರಂತೆ?” ಎಂದು ವಿಚಾರಿಸಿದರು. ಬಸ್ಸಲ್ಲ, ವಾದ್ಯಗಾರರ ಮುಂದೆ ನಿಂತು ಕೈ ಬೀಸುವ ಕೆಲಸ ಎಂದು ನಾನು ತಿಳಿಹೇಳಿದೆ. “ಹಾಗಾದ್ರೆ ಪಿಟೀಲು?” ಎಂದು ಅವರು ಮರುಪ್ರಶ್ನೆ ಹಾಕಿದರು. ನುಡಿಸುವುದನ್ನು ಬಿಟ್ಟರೂ ಪಿಟೀಲು ಕುಯ್ಯುವುದನ್ನು ತಾವು ಬಿಟ್ಟಿಲ್ಲವೆಂಬುದಕ್ಕೆ, ತಾಲೀಮಿನಲ್ಲಿ ನಾಲ್ಕು ಸ್ವರ ನುಡಿಸಿ ಅರ್ಧ ಗಂಟೆ ಉಪನ್ಯಾಸ ಕೇಳುವ ನಾವೆಲ್ಲರೂ ಸಾಕ್ಷಿ.

ಇನ್ನು ಕಳೆದ ಕಾರ್ಯಕ್ರಮದ ವಿಷಯ. ನಾವಿಬ್ಬರೂ ಮುಂದಿನ ಸಾಲಿನಲ್ಲಿ ಸ್ವರಲಿಪಿಯ ಒಂದೇ ಸ್ಟ್ಯಾಂಡ್ ಹಂಚಿಕೊಂಡು ನುಡಿಸುತ್ತಿದ್ದ ಕಾಲದಲ್ಲಿ, ಪುಟ ತಿರುವುವುದು ತಮ್ಮ ಎಡಕ್ಕೆ ಕೂತ ನನ್ನ ಕೆಲಸವಾಗಿತ್ತು. ಕಾರ್ಯಕ್ರಮದ ಸಂಜೆ, ಕೋಲು ಬೀಸುತ್ತ ಪುಟದ ಕೊನೆ ಮುಟ್ಟಿದ ತಾವು ಹಳೆಯ ಅಭ್ಯಾಸಬಲದಿಂದ ಎಡಕ್ಕೆ ತಿರುಗಿ, ನನ್ನನ್ನೇ ನೋಡುತ್ತ, ಎತ್ತಿದ ಕೈ ಇಳಿಸದೆ ನಿಂತುಬಿಟ್ಟಿರಿ. ತಮ್ಮ ಪುಟವನ್ನು ಇನ್ನು ತಾವೇ ತಿರುವಬೇಕೆಂಬುದು ನೆನಪಾಗುವ ತನಕ ಇಡೀ ವೃಂದ ವಾದ್ಯ ಎತ್ತಿಹಿಡಿದು ಕಾಯಿತು. ಪತ್ರಿಕೆಯ ವಿಮರ್ಶಕರು ಅದನ್ನು ‘ಧ್ಯಾನಸ್ಥ ಮೌನ’ವೆಂದು ಕೊಂಡಾಡಿದರು, ತಾವು ಆ ಮೌನವನ್ನು ಎಲ್ಲರ ಪುಟಗಳಲ್ಲೂ ಪೆನ್ಸಿಲಿನಲ್ಲಿ ಗುರುತು ಹಾಕಿಸಿದಿರಿ, ಮತ್ತು ಆಗ ಕಿಸಕ್ಕನೆ ನಕ್ಕ ನನ್ನನ್ನು “ಅಕ್ಕ ಎದುರಿಗಿದ್ರೆ ನಂಗೆ ಕೈಯೇ ಆಡಲ್ಲ” ಎಂದು ವ್ಯವಸ್ಥಾಪಕರ ಬಾಯಲ್ಲಿ ಹೇಳಿಸಿ ಕೊನೆಯ ಸಾಲಿಗೆ ಅಟ್ಟಿದಿರಿ.

ಆ ಮುಂದಿನ ಕುರ್ಚಿ ನಾನು ಬೆರಳು ಸವೆಸಿ ಗಳಿಸಿದ್ದು. ಹೊಟ್ಟೆ ಉರಿಯುತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಕುರ್ಚಿಯನ್ನು ಮರಳಿ ಕೊಡಿಸಬೇಕು, ಅದಾಗದಿದ್ದರೆ ಮುಂದಿನ ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೂ ಧ್ಯಾನಸ್ಥ ಮೌನದಲ್ಲೇ ನಡೆಸಿಕೊಡಬೇಕು, ಆಗ ಯಾರು ಎಲ್ಲಿ ಕೂತರೂ ಸಂಗೀತಕ್ಕೆ ನಷ್ಟವಿರುವುದಿಲ್ಲ. ನಿಜ ಹೇಳಬೇಕೆಂದರೆ, ಪಕ್ಕದಲ್ಲಿ ತಾವಿಲ್ಲದೆ ಮುಂದಿನ ಸಾಲೂ ನನಗೆ ರುಚಿಸುತ್ತಿರಲಿಲ್ಲ. ಅಷ್ಟು ಚೆನ್ನಾಗಿ ನುಡಿಸುತ್ತಿದ್ದವರು ಗಾಳಿಗೆ ಕೈ ಬೀಸುತ್ತ ನಿಂತಿರುವುದನ್ನು ನೋಡಲು ನನ್ನಿಂದಾಗುವುದಿಲ್ಲ.

ತಮ್ಮ ವಿಶ್ವಾಸಿ,
ಕೊನೆಯ ಸಾಲಿನ ಪಿಟೀಲಿನವಳು

ಬರೆಯಲು ಮರೆತದ್ದು: ಇಲ್ಲಿ ನನ್ನ ಬಲಗಡೆಯ ಕುರ್ಚಿ ಖಾಲಿಯಿದೆ, ತಾವೂ ಅರ್ಜಿ ಹಾಕಬಹುದು. ನುಡಿಸುವವರು ಯಾರೆಂದು ಕಾಣದಿರಲೆಂದು ಆಯ್ಕೆ ಎಂದಿನಂತೆ ಪರದೆಯ ಹಿಂದೆ ನಡೆಯುತ್ತದೆ. ಕೋಲು ಬೀಸಿದರೆ ಪರದೆಯ ಈಚೆಗೆ ಏನೂ ಕೇಳಿಸುವುದಿಲ್ಲವಾದ್ದರಿಂದ, ದಯವಿಟ್ಟು ಪಿಟೀಲನ್ನೇ ತರಬೇಕು.