ಒಲೆಗೂ ಅಮಾವಾಸ್ಯೆ ಬರಲಿ

ಇವರಿಗೆ:
ಪರಮಪೂಜ್ಯ ಅಮಾವಾಸ್ಯೆಯವರು,
ತಿಂಗಳ ತುದಿ, ಚಂದ್ರನಿಲ್ಲದ ಆಕಾಶ.

ವಿಷಯ: ಒಂದೇ ದಿನ ಮೂರು ಸಿನಿಮಾ ನೋಡಲು ತಮ್ಮಿಂದ ಆಗುತ್ತಿರುವ ಅಡ್ಡಿ ಕುರಿತು.

ಮಾನ್ಯ ಅಮಾವಾಸ್ಯೆಯವರೇ,

ಬೆಟಗೇರಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ಹೆಂಗಸರೆಲ್ಲರ ಶರಣು ಶರಣಾರ್ಥಿ. ತಾವು ಬಂದ ದಿನ ಮಗ್ಗ ನಿಲ್ಲುತ್ತದೆ, ರಾಟಿ ನಿಲ್ಲುತ್ತದೆ, ಓಣಿಗೆ ಓಣಿಯೇ ಸೂಟಿ ಎಂದು ನಮ್ಮ ಅಜ್ಜಿಯರ ಕಾಲದಿಂದ ಮಾತು ಕೊಟ್ಟಿದ್ದೀರಿ. ಮಗ್ಗ ನಿಂತಿತು. ರಾಟಿ ನಿಂತಿತು. ಗಂಡಸರಿಗೆ ಸೂಟಿ ಸಿಕ್ಕಿತು. ನಮಗೆ ಸಿಕ್ಕಿದ್ದು ಕಡಲೆಬೇಳೆ, ಬೆಲ್ಲ, ಸಾರಿಸಬೇಕಾದ ಅಂಗಳ, ತೊಳೆಯಬೇಕಾದ ದೇವರ ಜಗುಲಿ, ತಿಕ್ಕಬೇಕಾದ ಪಾತ್ರೆಯ ರಾಶಿ. ಸಿನಿಮಾ ಸಿಗಲಿಲ್ಲ.

ತಮ್ಮ ಔದಾರ್ಯ ದೊಡ್ಡದು, ಅಲ್ಲಗಳೆಯುವುದಿಲ್ಲ. ತಿಂಗಳಿಡೀ ದುಡಿದ ಚಂದ್ರನಿಗೂ ಅಂದು ತಾವು ರಜೆ ಕೊಡುತ್ತೀರಿ. ಎತ್ತಿನ ಹೆಗಲಿನ ನೊಗ ಇಳಿಸುತ್ತೀರಿ. ಬಿಂಕದಕಟ್ಟಿ ಝೂನವರು ವಾರಕ್ಕೊಮ್ಮೆ ಬಾಗಿಲು ಹಾಕಿ, ಹುಲಿಗೆ ನಮ್ಮ ಮುಖ ನೋಡುವ ಕಷ್ಟದಿಂದ ಬಿಡುಗಡೆ ಕೊಡುವಾಗ ತಮ್ಮಿಂದಲೇ ಕಲಿತರೋ ಏನೋ. ಚಂದ್ರ, ಎತ್ತು, ಹುಲಿ ಮತ್ತು ಗಂಡಸರು ಮುಗಿದ ಮೇಲೆ ನಮ್ಮ ಪಾಳಿ ಯಾವಾಗ ಎಂದು ಕೇಳುವುದು ಅವಿಧೇಯತೆಯಾದರೆ, ನಾವು ಅವಿಧೇಯರು.

ಕಳೆದ ಸಲ ತಾವು ಬಂದಾಗ ನಡೆದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಓಣಿಯ ಅಮೃತವ್ವ ಲಗ್ನವಾಗಿ ಬಂದಾಗಿನಿಂದ ಕಂಡಿಕೆ ಸುತ್ತುತ್ತಿದ್ದಾಳೆ. ತೆರೆಯ ಮೇಲೆ ಹೆಸರು ಬೀಳುವುದರಿಂದ ಹಿಡಿದು ಟಾಕೀಜಿನಲ್ಲಿ ದೀಪ ಹತ್ತುವವರೆಗೆ ಒಂದೇ ಒಂದು ಸಿನಿಮಾವನ್ನು ಆಕೆ ಪೂರ್ತಿ ನೋಡಿದ್ದಿಲ್ಲ. ಅಡಿಗೆ ಮುಗಿಸಿ ಹೋಗುವಷ್ಟರಲ್ಲಿ ನಾಯಕ ದೊಡ್ಡವನಾಗಿರುತ್ತಾನೆ, ಅಡಿಗೆಗೆಂದು ಎದ್ದು ಬರುವಾಗ ಖಳನಾಯಕ ಇನ್ನೂ ಬದುಕಿರುತ್ತಾನೆ. ಆದ್ದರಿಂದ ಆ ದಿನ ಒಂದೊಂದು ಟಾಕೀಜಿನಲ್ಲಿ ಒಂದೊಂದರಂತೆ ಮಾರ್ನಿಂಗ್ ಶೋ, ಮ್ಯಾಟಿನಿ, ಫಸ್ಟ್ ಶೋ ಮೂರನ್ನೂ ಕುಳಿತು ಮುಗಿಸಿಯೇ ಏಳುವುದು ಎಂದು ಆಕೆ, ಪಕ್ಕದ ಮನೆಯ ನಜಮಾ ಮತ್ತು ನಾನು ನಿರ್ಣಯ ಮಾಡಿದೆವು. ನಿರ್ಣಯ ಸರ್ವಾನುಮತದ್ದು. ಯಾವುದು ಮೊದಲು ಎಂಬುದಕ್ಕೆ ಮಾತ್ರ ಜಗಳವಾಯಿತು.

"ದೆವ್ವದ್ದು ಮುಂಜಾನೆ ನೋಡೂಣ್ರಿ," ಎಂದಳು ನಜಮಾ. "ಹೊರಗ ಬಂದ್ರ ಬಿಸಲಿರತೈತಿ, ಅಂಜಿಕಿ ಇಳೀತೈತಿ."

"ಬಡದಾಟದ್ದು ಕಡೀಕ ಇರ್ಲಿ," ಎಂದಳು ಅಮೃತವ್ವ. "ಮನಿಗಿ ಹೋಗೋ ಮುಂದ ಧೈರ್ಯ ಬೇಕಾಕ್ಕೈತಿ."

ಅಳುವ ಸಿನಿಮಾವನ್ನು ಊಟದ ನಂತರಕ್ಕೆ ಇಟ್ಟೆವು. ಹಸಿದ ಹೊಟ್ಟೆಯಲ್ಲಿ ಅಳುವ ಕೆಲಸ ಮನೆಯಲ್ಲೇ ಸಾಕಷ್ಟು ಆಗಿದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಚೀಲಕ್ಕೆ ಸೇರಿದವು. ಇನ್ನೇನು ಹೊಸ್ತಿಲು ದಾಟಬೇಕು, ಮುಂಡರಗಿಯಿಂದ ಅಮೃತವ್ವನ ಮೈದುನ ಅಂದಪ್ಪ ಸಂಸಾರ ಸಮೇತ ಬಂದಿಳಿದ. "ಅಮಾಸಿ ಅಂದ್ರ ಮಗ್ಗ ಬಂದ್ ಇರತೈತಿ, ಎಲ್ಲಾರೂ ಮನ್ಯಾಗ ಸಿಗತೀರಿ ಅಂತ ಬಂದ್ವಿ ನೋಡ ವೈನಿ," ಎಂದ. ಚೀಲ ಗೂಟಕ್ಕೆ ಹೋಯಿತು. ಬೇಳೆ ಒಲೆಗೆ ಹೋಯಿತು. ನಜಮಾಳ ಮನೆಯಲ್ಲಿ ಹೋಳಿಗೆ ಇಲ್ಲ, ತಮ್ಮ ಪೂಜೆಯೂ ಇಲ್ಲ, ಆದರೆ ಮಗ್ಗ ನಿಂತ ಗಂಡ ಇದ್ದಾನಲ್ಲ, ಅವನಿಗೂ ಆಗಲೇ ಹಸಿವಾಗಿತ್ತು.

ಅಮೃತವ್ವನ ಗಂಡ ಕೊಟ್ರೇಶ, ತಮ್ಮನನ್ನು ಕರೆದುಕೊಂಡು, ಹೋಳಿಗೆ ಉಂಡ ಕೈ ಒರೆಸಿಕೊಳ್ಳುತ್ತಲೇ ಮ್ಯಾಟಿನಿಗೆ ಹೋದ. ನಾವು ಆರಿಸಿದ ದೆವ್ವದ ಸಿನಿಮಾಕ್ಕೇ ಹೋದ. ಸಂಜೆ ಬಂದವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಲಟ್ಟಣಿಗೆಯನ್ನು ಚೂರಿಯಂತೆ ಹಿಡಿದು, ಇಡೀ ಕಥೆಯನ್ನು ಆಡಿ ತೋರಿಸಿದ. "ದೆವ್ವಿಲ್ಲ ಗಿವ್ವಿಲ್ಲ ಲೇ, ಎಲ್ಲಾ ಅಕಿ ಅತ್ತೀನ ಮಾಡಿದ್ದು!"

"ಅಯ್ಯ ಅಣ್ಣಾರ, ನಾನೂ ಇಲ್ಲೇ ನಿಂತೇನ್ರಿ!" ಎಂದು ನಜಮಾ ಕಿವಿ ಮುಚ್ಚಿಕೊಂಡಳು. ಮುಚ್ಚುವಷ್ಟರಲ್ಲಿ ಅತ್ತೆ ಸಿಕ್ಕಿಬಿದ್ದಾಗಿತ್ತು.

"ಇನ್ನ ನೀವು ನೋಡೂ ಜರೂರ ಇಲ್ಲ ಬಿಡ್ರಿ, ಎಲ್ಲಾ ಹೇಳೇನಿ," ಎಂದ ಕೊಟ್ರೇಶ.

ಅಮೃತವ್ವ ಲಟ್ಟಣಿಗೆ ಕಸಿದುಕೊಂಡಳು. "ಆತ್ರಿ. ಮುಂದಿನ ಅಮಾಸಿಗಿ ಹೋಳಿಗಿ ಹೆಂಗಿತ್ತಂತ ನಾನೂ ಹೇಳತೀನಿ. ನೀವು ಉಣ್ಣೂ ಜರೂರ ಇಲ್ಲ."

ಮಾನ್ಯರೇ, ನೂಲಿನ ದರ ಏರಿದಾಗ ರಸ್ತೆ ತಡೆದವರು ನಾವು, ಮಳೆಯಲ್ಲಿ ಕಚೇರಿಯ ಮುಂದೆ ಕುಳಿತು ಘೋಷಣೆ ಕೂಗಿದವರು ನಾವು. ಅಂಥವರು ಹೂರಣದ ಮುಂದೆ ಸೋತದ್ದು ಸಂಘಟನೆಗೇ ಅವಮಾನ. ಸರಕಾರಿ ಬಸ್ಸಿನಲ್ಲಿ ಆಧಾರ ಕಾರ್ಡು ತೋರಿಸಿದರೆ ಕಂಡಕ್ಟರು ನಮ್ಮನ್ನು ಪುಕ್ಕಟೆ ಬಿಡುತ್ತಾರೆ. ಒಲೆಗೆ ಯಾವ ಕಾರ್ಡು ತೋರಿಸಬೇಕು ಎಂಬುದನ್ನು ತಾವು ದಯವಿಟ್ಟು ತಿಳಿಸಬೇಕು. ಅದು ಆಗದಿದ್ದರೆ ತಿಂಗಳಿಗೆ ಎರಡು ಸಲ ಬನ್ನಿ, ಒಮ್ಮೆ ಅವರಿಗೆ, ಒಮ್ಮೆ ನಮಗೆ. ಅದೂ ಆಗದಿದ್ದರೆ ಬೇಳೆಗೆ ತಾನೇ ಬೇಯುವ, ಹೂರಣಕ್ಕೆ ತಾನೇ ರುಬ್ಬಿಕೊಳ್ಳುವ ಬುದ್ಧಿ ಕೊಡಿ. ಮುಂಡರಗಿಯ ಬಸ್ಸು ಡಂಬಳದ ಹತ್ತಿರ ಸಂಜೆಯವರೆಗೆ ಕೆಟ್ಟು ನಿಲ್ಲುವಂತೆ ಅನುಗ್ರಹಿಸಿದರೂ ಬೇಡ ಎನ್ನುವುದಿಲ್ಲ. ಆದರೆ ಡ್ರೈವರನಿಗೆ ತೊಂದರೆಯಾಗಬಾರದು, ಅವನೂ ದುಡಿಯುವವನೇ.

ಇದರಲ್ಲಿ ಯಾವುದನ್ನೂ ತಾವು ಮಾಡುವುದಿಲ್ಲ ಎಂಬುದು ನಮಗೆ ಗೊತ್ತು. ಮೇಲಿದ್ದವರು ಯಾರೂ ಕೇಳಿದ ಕೂಡಲೇ ಕೊಟ್ಟವರಲ್ಲ. ಆದ್ದರಿಂದ ನಾವೇ ತೀರ್ಮಾನಿಸಿದ್ದೇವೆ: ಮಗ್ಗ ನಿಂತ ದಿನ ಒಲೆಯೂ ನಿಲ್ಲುತ್ತದೆ. ಅಮೃತವ್ವನ ಮಗಳು ವಿದ್ಯಾಶ್ರೀ ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೆ ಬರುತ್ತಾಳೆ, ಶಿರಹಟ್ಟಿಯಿಂದ ಅವಳ ಗೆಳತಿಯರೂ ಹತ್ತುತ್ತಾರೆ. ನಮ್ಮ ಮುಂದಿನ ಮಹಾಸಭೆ ಮೂರು ಗೋಷ್ಠಿಗಳಲ್ಲಿ, ಪೂರ್ತಿ ಕತ್ತಲೆಯಲ್ಲಿ ನಡೆಯಲಿದ್ದು, ಯಾರೂ ನಡುವೆ ಎದ್ದು ಹೋಗುವಂತಿಲ್ಲ. ಸ್ಥಳ, ಗದಗ ಸ್ಟೇಶನ್ ರಸ್ತೆಯ ಟಾಕೀಜುಗಳು. ದಿನ, ಬರುವ ಅಮಾವಾಸ್ಯೆ, ಶುಕ್ರವಾರ. ಸಮಯ, ಮುಂಜಾನೆ ಹತ್ತು ಗಂಟೆ.

ತಮ್ಮ ಕತ್ತಲೆಯಲ್ಲಿ ಇನ್ನೂ ವಿಶ್ವಾಸ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ನೇತ್ರಾ
ಕಂಡಿಕೆ ಸುತ್ತುವ ಹೆಂಗಸರ ಹೋರಾಟ ಸಮಿತಿ, ಬೆಟಗೇರಿ

ತಾ.ಕ.: ಅಂದಿನ ತಮ್ಮ ಪೂಜೆಯ ಹೊಣೆ ಶ್ರೀ ಕೊಟ್ರೇಶ ಅವರದು. ಎಡೆ ಹಿಡಿಯುವುದನ್ನು ಅವರು ವರ್ಷಗಟ್ಟಲೆ ನೋಡಿದ್ದಾರೆ, ಎಡೆಯ ಅಡಿಗೆ ಮಾಡುವುದನ್ನು ನೋಡಿಲ್ಲ. ತಾವು ಉಂಡು ಬರುವುದು ಒಳ್ಳೆಯದು.