ದೇವರ ಜಗಲಿಗೆ ಸಿಲಿಕಾನ್ ಹಚ್ಚಿಸಿದ್ದು

ಮನೆ ರಿಪೇರಿ ಅನ್ನುವುದನ್ನು ಒಮ್ಮೆ ಕೈಗೆತ್ತಿಕೊಂಡರೆ ಅದು ಕೆಲಸಕ್ಕಿಂತ ನಗುವನ್ನೇ ಹೆಚ್ಚು ಹುಟ್ಟಿಸುತ್ತದೆ. ನಮ್ಮ ಮನೆಯಲ್ಲಂತೂ ಗೋಡೆಗೆ ಒಂದು ಮೊಳೆ ಹೊಡೆದರೂ ಅದೊಂದು ಪ್ರಸಂಗವಾಗಿ ಓಣಿ ತುಂಬ ಓಡಾಡುತ್ತದೆ. ಅಂಥ ಮನೆಗೆ ಸಿಲಿಕಾನ್ ಬಂದದ್ದನ್ನು ಹೇಳದೆ ಹೇಗಿರಲಿ?

೧. ನಡುವಿನ ಗೋಡೆ

ನಮ್ಮೂರು ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿದೆ. ಅಣ್ಣ ಮತ್ತು ನಾನು ಮನೆ ಪಾಲು ಮಾಡಿಕೊಂಡಾಗ ಇಬ್ಬರಿಗೂ ಸೇರಿದಂತೆ ನಡುವೆ ಒಂದು ಗೋಡೆ ಉಳಿಯಿತು. ಈ ಕಡೆ ನಮ್ಮ ದೇವರ ಕೋಣೆ, ಆ ಕಡೆ ಅತ್ತಿಗೆಯ ಅಡುಗೆಮನೆ. ಪ್ರತಿ ಸೋಮವಾರ ಜಗಲಿಯ ಮೇಲಿನ ಲಿಂಗಕ್ಕೆ ಒಂದು ಬಿಂದಿಗೆ ನೀರು ಹಾಕಿ ಅಭಿಷೇಕ ಮಾಡುವುದು ನಮ್ಮಪ್ಪನ ಕಾಲದಿಂದ ಬಂದದ್ದು. ಆದರೆ ಜಗಲಿಯ ಕಲ್ಲಿಗೂ ಗೋಡೆಗೂ ನಡುವೆ ಸಂದು ಬಿಟ್ಟಿತ್ತು. ಹಾಕಿದ ನೀರಲ್ಲಿ ಅರ್ಧ, ಜಗಲಿಯ ಮುಂದಿಟ್ಟ ದೊಡ್ಡ ತಟ್ಟೆಗೆ ಬಂದರೆ, ಉಳಿದದ್ದು ಸಂದಿನಲ್ಲಿಳಿದು ಅತ್ತಿಗೆಯ ಜೋಳದ ಚೀಲ ಸೇರುತ್ತಿತ್ತು.

ಅತ್ತಿಗೆ ತಂಬ್ರಹಳ್ಳಿ ಕಡೆಯವರು. ಮಾತು ಖಡಕ್. "ನಿಮ್ಮ ದೇವರಿಗೆ ನೀರು ಹಾಕಿದ್ರ ನಮ್ಮ ಜ್ವಾಳ ಮೊಳಕಿ ಒಡಿತೈತಿ!" ಎಂದು ಜಗಳ ತೆಗೆದವರು ನಮ್ಮ ಹೊಸ್ತಿಲು ತುಳಿಯುವುದನ್ನೇ ಬಿಟ್ಟರು. ಪಾಲಾಗುವ ಮೊದಲು ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಅವರಿಗೂ ನನ್ನ ಹೆಂಡತಿಗೂ ಮಾತು ನಿಂತಿತು. ನನಗೆ ಅದೇ ಕೊರಗು. ಅಭಿಷೇಕ ಬಿಡಲಾರೆ, ಅತ್ತಿಗೆಯನ್ನು ಕಳೆದುಕೊಳ್ಳಲಾರೆ.

ಸಿಮೆಂಟ್ ಮೆತ್ತಿಸಿದೆ, ಬಿರುಕು ಬಿಟ್ಟಿತು. ಬಿಳಿ ಸಿಮೆಂಟ್ ಮೆತ್ತಿಸಿದೆ, ಅದೂ ಬಿಟ್ಟಿತು. ಅಣ್ಣ ಬಂದು ನೋಡಿ, ತಲೆ ಕೆರೆದುಕೊಂಡು ಅಂದ: "ಏನ್ ಮಾಡ್ತೀಯಪಾ, ಸಿಮೆಂಟ್ ಹಿಡಿದಿದ್ದು ಬಿಡ್ತೈತಿ, ನಿಮ್ಮತ್ತಿಗಿ ಹಿಡಿದಿದ್ದು ಬಿಡಂಗಿಲ್ಲ."

೨. ವಾಸನೆ

ಕೊಟ್ಟೂರಿನ ಹಾರ್ಡ್‌ವೇರ್ ಅಂಗಡಿಯವರು ನನ್ನ ಗೋಳು ಕೇಳಿ, "ಸಿಲಿಕಾನ್ ಅಂತ ರಬ್ಬರಿನಂಥ ಅಂಟು ಬರ್ತೈತಿ, ಅದನ್ನ ಹಚ್ಚಸ್ರಿ, ನಿಶ್ಚಿಂತಿ" ಎಂದು ಕಿಟಕಿಗೆ ಗಾಜು ಕೂಡಿಸುವವನೊಬ್ಬನನ್ನು ಕಳಿಸಿಕೊಟ್ಟರು. ಹಣೆ ತುಂಬ ವಿಭೂತಿ ಹಚ್ಚಿದ್ದ ಒಳ್ಳೆಯ ಮನುಷ್ಯ. ಸಂದಿನಲ್ಲಿದ್ದ ಹಳೇ ಸಿಮೆಂಟ್ ಕೆರೆದು, ಅರಿವೆಯಿಂದ ಒರೆಸಿ, ಫ್ಯಾನಿನ ಗಾಳಿಗೆ ಒಣಗಲು ಬಿಟ್ಟು ಹೋದವನು ಗುರುವಾರ ಬಂದ. ಟ್ಯೂಬಿನ ಮೂತಿಯನ್ನು ಓರೆಯಾಗಿ ಕೊಯ್ದು, ಪಿಚಕಾರಿಯಂಥ ಗನ್ನಿಗೆ ಸೇರಿಸಿ ಒತ್ತಿದ. ಶ್ಯಾವಿಗೆ ಒರಳಿನಿಂದ ಎಳೆ ಇಳಿದ ಹಾಗೆ, ಎಲ್ಲಿಯೂ ಹರಿಯದಂತೆ ಬಂತು ನೋಡಿ! ಸೋಪಿನ ನೀರಲ್ಲಿ ಬೆರಳು ಅದ್ದಿ ಈ ತುದಿಯಿಂದ ಆ ತುದಿಗೆ ಒಂದೇ ಸಲ ಎಳೆದ. ಹಚ್ಚಿದ್ದು ಎಲ್ಲಿ ಎಂದು ಹುಡುಕಬೇಕು, ಅಷ್ಟು ನಯ. ನಾನು ಅಲ್ಲಿಯೇ ಕೈಮುಗಿದೆ.

ಆದರೆ ಅದಕ್ಕೊಂದು ಹುಳಿ ಹುಳಿ ವಾಸನೆ. ಅಡುಗೆಮನೆಯಲ್ಲಿದ್ದ ನಮ್ಮವ್ವನ ಮೂಗಿಗೆ ಅದು ಮುಟ್ಟಿತು. ಮೊದಲು ಉಪ್ಪಿನಕಾಯಿ ಭರಣಿ ಮೂಸಿದಳು, ಮಜ್ಜಿಗೆ ಮೂಸಿದಳು. ಆಮೇಲೆ ದೇವರ ಕೋಣೆಯ ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹಣಿ ತುಂಬ ವಿಭೂತಿ, ಹೊಟ್ಟಿ ತುಂಬ ಹೆಂಡ! ದೇವರ ಮುಂದ ಕುಡದು ಬಂದು ಕುಂತೀಯೇನಪಾ?"

"ಅಯ್ಯೋ ಶಿವನ! ಇಲ್ಲಬೇ ಅಜ್ಜಿ, ಇದು ಸಿಲಿಕಾನ್ ವಾಸನಿ."

"ಬಾಯಿ ತಗಿ."

ಅಷ್ಟು ದೊಡ್ಡ ಮೀಸೆಯ ಮನುಷ್ಯ ಕೂಸಿನ ಹಾಗೆ ಬಾಯಿ ತೆಗೆದ. ಅವ್ವ ಮೂಸಿದಳು. ಉಳ್ಳಾಗಡ್ಡಿ ವಾಸನೆ. ಆಮೇಲೆ ಬಗ್ಗಿ ಗನ್ನಿನ ಮೂತಿ ಮೂಸಿದಳು. ಸೆರಗು ಮೂಗಿಗೆ ಹಿಡಿದು, ನನ್ನ ಕಡೆ ತಿರುಗಿ ತೀರ್ಪು ಕೊಟ್ಟಳು:

"ಇವ ಕುಡದಿಲ್ಲ. ಇದು ಕುಡದೈತಿ."

೩. ವಿಭೂತಿ

ಹೋಗುವಾಗ ಅವನು ಮೂರು ಸಲ ಹೇಳಿ ಹೋದ: "ಹಸಿ ಐತ್ರಿ. ನಾಳೀ ತನಕ ಯಾರೂ ಮುಟ್ಟಬ್ಯಾಡ್ರಿ."

ನಮ್ಮ ಮನೆಗೆ ಹೊಸದು ಏನೇ ಬರಲಿ, ಬೋರ್‌ವೆಲ್ ಮೋಟರಾಗಲಿ ಮಿಕ್ಸಿಯಾಗಲಿ, ವಿಭೂತಿ ಹಚ್ಚಿ ಕುಂಕುಮ ಇಡದೆ ಅದು ಕೆಲಸ ಶುರು ಮಾಡುವಂತಿಲ್ಲ. ಮರುದಿನ ಅವನು ಬಂದು ನೋಡಿದರೆ, ಸಿಲಿಕಾನಿನ ನಟ್ಟನಡುವೆ ಮೂರು ಬೆರಳಿನ ಗೆರೆ, ಅದರ ಮೇಲೆ ಒಂದು ಕುಂಕುಮದ ಬೊಟ್ಟು.

"ಅಜ್ಜೀ, ಮುಟ್ಟಬ್ಯಾಡ್ರಿ ಅಂದಿದ್ನಲ್ಲ!"

"ನಾ ಎಲ್ಲಿ ಮುಟ್ಟೀನಿ? ವಿಭೂತಿ ಹಚ್ಚೀನಿ."

ಅವನು ಗಾಬರಿಯಿಂದ ಒತ್ತಿ ನೋಡಿದ. ಎಲ್ಲಿಯೂ ಕಿತ್ತಿರಲಿಲ್ಲ, ಗಟ್ಟಿಯಾಗಿ ಕೂತಿತ್ತು. ಅರಿವೆ ತಗೊಂಡು ವಿಭೂತಿಯನ್ನು ತಿಕ್ಕಿದ, ನೀರು ಹಚ್ಚಿ ತಿಕ್ಕಿದ. ಅದೂ ಸಿಲಿಕಾನಿನ ಜೊತೆಗೇ ಗಟ್ಟಿಯಾಗಿ ಹೋಗಿತ್ತು. ಅವ್ವ ಪಕ್ಕದಲ್ಲಿ ನಿಂತು ಬಹಳ ಹೊತ್ತು ಮೆಚ್ಚುಗೆಯಿಂದ ನೋಡಿದಳು.

"ಏನಪಾ, ನಾ ಹಚ್ಕಂಡಿದ್ದು ಮಧ್ಯಾಹ್ನಕ್ಕ ಅಳಿಸಿ ಹೋಗತೈತಿ. ಸಿಲಿಕಾನ್ ಉಳದಿದ್ರ ನನ್ನ ಹಣಿಗೂ ಒಂದೀಟು ಹಚ್ಚಿ ಹೋಗು."

೪. ಸೋಮವಾರ

ಸೋಮವಾರ ಮಿಂದು ಮಡಿಯುಟ್ಟು ಬಿಂದಿಗೆ ತುಂಬ ನೀರು ತಂದೆ. ಈ ಮೊದಲೆಲ್ಲ ಅತ್ತಿಗೆಯ ಹೆದರಿಕೆಗೆ ಹನಿಹನಿಯಾಗಿ ಹಾಕುತ್ತಿದ್ದವನು ಅಂದು ಧಾರಾಳವಾಗಿ ಸುರಿದೆ. ನೀರು ಗೋಡೆಯ ತನಕ ಹೋಯಿತು, ಸಿಲಿಕಾನನ್ನು ಮುಟ್ಟಿತು, ಮರ್ಯಾದೆಯಿಂದ ಹಿಂದಕ್ಕೆ ಹೊರಳಿ ತಟ್ಟೆಗೆ ಬಂತು. ಉಗುರು ಊರಿದರೆ ಒಳಗೆ ಹೋಗುವಷ್ಟು ಮೆತ್ತಗಿನ ವಸ್ತು, ಒಂದು ಹನಿಗೂ ದಾರಿ ಕೊಡಲಿಲ್ಲ. ಮೆತ್ತಗಿದ್ದುಕೊಂಡೇ ಇಷ್ಟು ಗಟ್ಟಿ ಇರಬಹುದಲ್ಲ ಎಂದು, ಶಿವನ ಮುಂದೆ ಕೂತು ಸಿಲಿಕಾನನ್ನೇ ಧ್ಯಾನಿಸಿದೆ.

ಆ ಕಡೆಯಿಂದ ಅಣ್ಣ ಕೂಗಿದ: "ಒಣಾ ಐತಲೇ! ಗ್ವಾಡಿ ಒಣಾ ಒಣಾ ಐತಿ!"

ಅತ್ತಿಗೆ ಇವತ್ತು ಬರುತ್ತಾರೆ ಎಂದು ಕಾದೆ. ಬರಲಿಲ್ಲ. ಮುಂದಿನ ಸೋಮವಾರವೂ ಗೋಡೆ ಒಣಗಿತ್ತು. ಅಂದು ಸಂಜೆ ಅತ್ತಿಗೆ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. ಹೆಂಡತಿ ಲಗುಬಗೆಯಿಂದ ಚಾಪೆ ಹಾಸಿದಳು. ಅತ್ತಿಗೆ ಕೂಡಲಿಲ್ಲ.

"ಗ್ವಾಡಿಗೆ ಏನ್ ಮಾಡಿಸೀರಿ?"

"ಸಿಲಿಕಾನ್ ಹಚ್ಚಿಸೀವಿ ಅತ್ತಿಗಿ. ಇನ್ನ ನಿಮ್ಮ ಜ್ವಾಳಕ್ಕ ಒಂದು ಹನಿ ಬರಂಗಿಲ್ಲ," ಎಂದೆ ಹೆಮ್ಮೆಯಿಂದ.

"ಜ್ವಾಳದ ಚೀಲ ಜಗಳಾದ ಆವತ್ತ ಆ ಮೂಲಿಗೆ ಸರಸೀನಿ! ಹನಿ ಬೀಳೋ ಜಾಗದಾಗ ತಂಬಿಗಿ ಇಟ್ಟಿದ್ದೆ. ಸೋಮವಾರಕ್ಕೊಮ್ಮೆ ತಂಬಿಗಿ ತುಂಬ ತೀರ್ಥ ಬರ್ತಿತ್ತು. ಎಲ್ಲಾರ ನೆತ್ತಿಗೆ ಚಿಮುಕಿಸಿ, ಉಳಿದಿದ್ದು ಬಿಲ್ವಪತ್ರಿ ಗಿಡಕ್ಕ ಹಾಕ್ತಿದ್ದೆ. ಗಿಡ ಹೆಂಗ ಚಿಗತೈತಿ ಬಂದು ನೋಡ್ರಿ. ಎರಡು ವಾರ ಆತು, ದೇವರು ನಮ್ಮನಿಗೆ ಬರಾದೇ ಬಿಟ್ಟಾನ!"

ಹೆಂಡತಿ ಬಾಯಿ ತೆರೆದು ನಿಂತಳು. "ಅಲ್ಲ ಅಕ್ಕಾ, ಮತ್ತ ನಮ್ಮನ್ನ ಬೈತಿದ್ದೆಲ್ಲ?"

"ಜಗಳ ನಡದಾಗ ತೀರ್ಥ ಬೇಕಂತ ಬಾಯಿಬಿಟ್ಟು ಕೇಳಾಕ ಬರ್ತೈತೇನ?"

ಮೊದಲು ಅವ್ವ ನಕ್ಕಳು, ಆಮೇಲೆ ಹೆಂಡತಿ. ತಡೆದು ತಡೆದು ಕಡೆಗೆ ಅತ್ತಿಗೆಯೂ ನಕ್ಕು ಚಾಪೆಯ ಮೇಲೆ ಕೂತರು.

೫. ಪೈಪು

ಸಿಲಿಕಾನಿನವನನ್ನು ಮತ್ತೆ ಕರೆಸಿದೆ. ಜಗಲಿಯ ಪಕ್ಕದಲ್ಲಿ ಗೋಡೆ ಕೊರೆದು ಒಂದು ಪೈಪು ಕೂಡಿಸು, ನೀರು ನೇರವಾಗಿ ಅತ್ತಿಗೆಯ ತಂಬಿಗೆಗೆ ಬೀಳಲಿ ಎಂದೆ. ಅವನು ನನ್ನ ಮುಖವನ್ನೇ ನೋಡಿದ.

"ಯಜಮಾನ್ರ, ನೀರು ಹೋಗಬಾರದಂತ ಸಂದು ಮುಚ್ಚಿಸಿದ್ರಿ. ಈಗ ನೀರು ಹೋಗ್ಲಿ ಅಂತ ತೂತು ಹೊಡಿಸ್ತೀರಿ?"

"ನೀ ಹೊಡಿಯಪಾ. ಹೊಡದು, ಸುತ್ತ ಸಿಲಿಕಾನ್ ಹಚ್ಚು."

ಕೊರೆದ, ಪೈಪು ಇಟ್ಟ, ಸುತ್ತ ಚಂದಾಗಿ ಹಚ್ಚಿದ. ಹಿಂದೆ ನೋಡಿದರೆ ಅವ್ವ ವಿಭೂತಿಯ ಗಟ್ಟಿ ಹಿಡಿದು ನಿಂತಿದ್ದಳು. ಅವನು ಪಕ್ಕಕ್ಕೆ ಸರಿದ. "ಬರ್ರಿ ಅಜ್ಜಿ, ಹಸಿ ಇದ್ದಾಗ್ಲೇ ಹಚ್ಚಿಬಿಡ್ರಿ."

ಅಷ್ಟರಲ್ಲಿ ಪೈಪಿನೊಳಗಿಂದ ಅತ್ತಿಗೆಯ ಧ್ವನಿ, ಪಕ್ಕದಲ್ಲಿಯೇ ಕೂತಷ್ಟು ಸ್ಪಷ್ಟ: "ಅತ್ತೀ, ಆ ಕಡಿ ಆತಂದ್ರ ವಿಭೂತಿ ಈ ಕಡಿ ಕಳಸ್ರಿ!"

ಸಿಲಿಕಾನಿನ ಮಹಿಮೆ ಏನು ಹೇಳಲಿ, ಅಂದಿನಿಂದ ಗೋಡೆಗೆ ಒಂದು ಹನಿ ಇಳಿದಿಲ್ಲ. ತೊಂದರೆ ಈಗ ಬೇರೆ. ಎಷ್ಟೋ ತಿಂಗಳ ಮಾತು ಬಾಕಿ ಇಟ್ಟುಕೊಂಡಿದ್ದ ಹೆಂಡತಿ ಮತ್ತು ಅತ್ತಿಗೆ, ಬೆಳಗಾದರೆ ಸಾಕು, ಪೈಪಿನ ಈ ತುದಿಗೊಬ್ಬರು ಆ ತುದಿಗೊಬ್ಬರು. ಸೋಮವಾರ ನಾನು ಬಿಂದಿಗೆ ಹೊತ್ತು ನಿಂತೇ ಇರಬೇಕು. ಕಾದು ಕಾದು ಮೊನ್ನೆ ನಾನೇ ಪೈಪಿನ ಹತ್ತಿರ ಬಗ್ಗಿ ಕೇಳಿದೆ:

"ಅತ್ತಿಗೀ, ಮಾತು ಮುಗದ್ವೇನ್ರಿ? ದೇವರು ನಿಮ್ಮನಿಗೆ ಬರಾಕ ನಿಂತಾನ."

ಆ ಕಡೆಯಿಂದ ಉತ್ತರ ಬಂತು:

"ಒಂದೀಟು ತಡಿ ಅನ್ರಿ ಅವಗ, ಇನ್ನ ನಾವು ಮುಗಿಸಿಲ್ಲ!"