ಶಾಮಲಾಳ ಮುಖದ ಬೆಳ್ಳಿ ಕಾಳು

ಮಗಳ ಫೋಟೋವನ್ನು ತಾನೇ ತೆಗೆದು ಪುಣೆಯ ಸ್ಟುಡಿಯೋಗಳಿಗೆಲ್ಲ ಬೀಗ ಹಾಕಿಸುವುದಾಗಿ ಸಂಕಪ್ಪ ಸಾರಿದ. ಕ್ಯಾಂಪಿನ ಕಚೇರಿಯ ಗುಮಾಸ್ತನಾದ ಅವನಿಗೆ, ವಿಲಾಯತಿಗೆ ಹೊರಟ ಸಾಹೇಬನೊಬ್ಬ ಹಳೆಯ ಕ್ಯಾಮೆರಾ ಕೊಟ್ಟುಹೋಗಿ ಮೂರೇ ವಾರವಾಗಿತ್ತು. ಅಷ್ಟರಲ್ಲಿ ಬಚ್ಚಲುಮನೆ ಕತ್ತಲೆಕೋಣೆಯಾಗಿ, ಮನೆಮಂದಿ ಸ್ನಾನಕ್ಕೂ ಅವನ ಅಪ್ಪಣೆ ಕೇಳಬೇಕಾಗಿತ್ತು!

ಫೋಟೋ ಹೋಗಬೇಕಾದದ್ದು ದೌಂಡಿಗೆ. ಅಲ್ಲಿ ರೈಲ್ವೆಯಲ್ಲಿದ್ದ ಮಧುಕರ ಧಾರವಾಡದ ಕಡೆಯ ಹುಡುಗ. ಲಗ್ನವಾದ ಮೇಲೂ ಹುಡುಗಿ ಓದಬಹುದು ಎಂದು ಅವನೇ ಕಾಗದ ಬರೆದಿದ್ದ. ಆ ಒಂದು ಸಾಲಿಗೆ ಮಗಳು ಶಾಮಲಾ ಮನಸೋತಿದ್ದಳು. ಹಿಂದೆ ಎರಡು ಸಂಬಂಧ ತಪ್ಪಿದ್ದವು, ಇದೂ ತಪ್ಪಿದರೆ ಅವಳು ಕುಗ್ಗಿಹೋಗುತ್ತಿದ್ದಳು.

ಬೆಳಕು ಹೆಚ್ಚಾದಷ್ಟೂ ಮುಖ ಬೆಳ್ಳಗೆ ಬರುತ್ತದೆ ಎಂಬುದು ಸಂಕಪ್ಪನ ಮಹಾಸಿದ್ಧಾಂತ. ಮಗಳಿಗೆ ಕಪ್ಪು ಇಳಕಲ್ ಸೀರೆ ಉಡಿಸಿ ಸುಡುಬಿಸಿಲಿನ ಅಂಗಳದಲ್ಲಿ ಕೂರಿಸಿದ.

"ಹುಡುಗೀನ್ನ ಹಪ್ಪಳದಂಗ ಒಣಗಲಿಕ್ಕೆ ಇಟ್ಟೀರೇನ್ರಿ?" ಎಂದು ಹೆಂಡತಿ ನಾಗವ್ವ ಅಡಿಗೆಮನೆಯಿಂದ ಕೇಳಿದಳು.

"ಸುಮ್ಮನಿರು. ಇಲ್ಲಿ ಕಲಾ ನಡದದ."

ಕ್ಯಾಮೆರಾದೊಳಕ್ಕೆ ಬೇಕಾದದ್ದಕ್ಕಿಂತ ಮೂರು ಪಟ್ಟು ಬೆಳಕು ಬಿಟ್ಟ. ಬಚ್ಚಲಿನಲ್ಲಿ ಫಿಲ್ಮನ್ನು ಔಷಧಿಯಲ್ಲಿ ಇಮ್ಮಡಿ ಹೊತ್ತು ನೆನೆಸಿದ. ಊಟದ ತಾಟಿನಷ್ಟು ದೊಡ್ಡದಾಗಿ ಎರಡು ಪ್ರತಿ ಮಾಡಿದ. ಕೆಂಪು ದೀಪದಲ್ಲಿ ಎಲ್ಲವೂ ಅವನಿಗೆ ಅಪ್ಸರೆಯಾಗಿಯೇ ಕಂಡಿತು. ಒಂದನ್ನು ಲಕೋಟೆಗೆ ತುರುಕಿ ಕಚೇರಿಗೆ ಹೋಗುವಾಗ ಅಂಚೆಗೆ ಹಾಕಿಬಿಟ್ಟ.

ಸಂಜೆ ಬಂದರೆ ನಾಗವ್ವ ಇನ್ನೊಂದು ಪ್ರತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ನಮ್ಮ ಶಾಮಲಾಗ ಸಿಡುಬು ಯಾವಾಗ ಬಂದಿತ್ರಿ?"

ಸಂಕಪ್ಪ ಪ್ರತಿಯನ್ನು ಕಸಿದು ಬೆಳಕಿಗೆ ಹಿಡಿದ. ಮುಖದ ತುಂಬ ರವೆ ಚೆಲ್ಲಿದ ಹಾಗೆ ಕಾಳು ಕಾಳು! ಬಿದ್ದೆನೋ ಎದ್ದೆನೋ ಎಂದು ಫೋಟೋ ಅಂಗಡಿಯ ಸದಾನಂದನ ಬಳಿ ಓಡಿದ. ಸದಾನಂದ ನೆಗೆಟಿವ್ ಅನ್ನು ದೀಪಕ್ಕೆ ಹಿಡಿದು ನೋಡಿದ.

"ಇದರಾಗ ಹುಡುಗಿ ಮಾರಿ ಕಪ್ಪು ಇದ್ದಲಿ ಆಗೇದ್ರಿ. ಬೆಳಕು ಹೆಚ್ಚು ಬಿದ್ದಲ್ಲಿ ನೆಗೆಟಿವ್ ಕಪ್ಪಾಗ್ತದ. ಕಪ್ಪಾದಷ್ಟೂ ಫಿಲ್ಮಿಗೆ ಸವರಿದ ಬೆಳ್ಳಿ ಕಾಳು ಗುಂಪು ಕಟ್ಟಿ ಫೋಟೋದಾಗ ಎದ್ದು ಕಾಣ್ತಾವ. ಸೀರಿ ಮ್ಯಾಲೆ ಬೆಳಕು ಕಡಿಮಿ, ಅದಕ್ಕ ನುಣ್ಣಗದ."

"ಅಂದ್ರ ಸೀರಿ ಚಂದ ಬಂದದಲ್ಲ?"

"ಸೀರಿಗೆ ವರಾ ಸಿಗ್ತಾನ ಬಿಡ್ರಿ."

ಮನೆಯಲ್ಲಿ ಶಾಮಲಾ ಊಟ ಬಿಟ್ಟಳು. ನಾಗವ್ವ ಮಾತು ಬಿಟ್ಟಳು. ನಾಲ್ಕನೆಯ ದಿನ ದೌಂಡಿನಿಂದ ಕಾಗದ ಬಂತು: ಫೋಟೋ ಭಾಳ ಮನಸ್ಸಿಗೆ ಬಂದಿದೆ, ರವಿವಾರ ಬರುತ್ತೇವೆ! ಸಂಕಪ್ಪ ಉಬ್ಬಿಹೋದ. ಆದರೂ ಮಗಳ ಮುಖದಲ್ಲಿ ಸಿಡುಬಿನ ಕಲೆಯಿದೆಯೆಂಬ ಸಂಶಯ ಉಳಿಯಬಾರದಲ್ಲ? ಬಂದವರಿಗೆ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಬಿಡಿಸಿ ಹೇಳಲು ಪಣತೊಟ್ಟ.

ರವಿವಾರ ಮಧುಕರ ತಾಯಿ ಉಮಾವತಿಯ ಜೊತೆ ಬಂದು ತಲೆ ತಗ್ಗಿಸಿ ಕುಳಿತ. ಅವರು ಅವಲಕ್ಕಿಗೆ ಕೈ ಹಾಕುವ ಮೊದಲೇ ಸಂಕಪ್ಪ ಕಿಟಕಿಗೆ ನೆಗೆಟಿವ್ ಹಿಡಿದು ಅರ್ಧ ತಾಸು ಕೊರೆದ. ಬೆಳಕೆಂದ, ಬೆಳ್ಳಿಯೆಂದ, ಕಾಳೆಂದ.

"ಒಟ್ಟಿನ ಮ್ಯಾಲೆ ನಮ್ಮ ಹುಡುಗಿ ಮಾರಿ ಮ್ಯಾಲೆ ಒಂದು ಕಲೀನೂ ಇಲ್ರಿ."

ಉಮಾವತಿಯ ಮುಖ ಬಾಡಿತು. ಮಧುಕರ ಎದ್ದೇಬಿಟ್ಟ. "ನಡಿಯವ್ವಾ, ಹೋಗೂಣು."

"ಯಾಕ್ರಿ?" ಸಂಕಪ್ಪ ನೆಗೆಟಿವ್ ಕೆಳಗಿಳಿಸಿದ.

"ಹಿಂದ ನಾಕು ಹುಡುಗ್ಯಾರು ಇವನ ಮಾರಿ ನೋಡಿ ಒಲ್ಲೆ ಅಂದಾರ್ರಿ," ಎಂದರು ಉಮಾವತಿ. "ನಿಮ್ಮ ಫೋಟೋ ನೋಡಿ, ಈಕೀಗೂ ಸಿಡುಬು ಬಂದು ಹೋಗೇದ, ನಮ್ಮ ಸಂಕಟ ತಿಳೀತದ ಅಂತ ಧೈರ್ಯಾ ಮಾಡಿ ಬಂದ್ವಿ."

ಆಗಲೇ ಸಂಕಪ್ಪ ಭಾವಿ ಅಳಿಯನ ಮುಖವನ್ನು ಸರಿಯಾಗಿ ನೋಡಿದ್ದು. ಕೆನ್ನೆ ಹಣೆಯೆಲ್ಲ ಸಿಡುಬಿನ ಕಲೆ. ಅರ್ಧ ತಾಸು ತಾನು ಏನು ಕೊರೆದೆ ಎಂಬುದು ಹೊಳೆದು ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಒಳಬಾಗಿಲಲ್ಲಿದ್ದ ಶಾಮಲಾ ಮುಂದೆ ಬಂದಳು. "ಓದಬಹುದು ಅಂತ ಬರದಿದ್ರಿ. ಖರೇನಾ?"

"ಖರೇ," ಎಂದ ಮಧುಕರ, ಮೊದಲ ಸಲ ತಲೆ ಎತ್ತಿ.

"ಹಂಗಾರ ಕೂಡ್ರಿ. ಅವಲಕ್ಕಿ ತಿನ್ರಿ."

ಎಲ್ಲರೂ ಹಗುರಾಗಿ ನಕ್ಕರು. ಬೀಗರಿಗೆ ಚಹಾ ತರಲು ಒಳಹೋದ ನಾಗವ್ವನ ಹಿಂದೆಯೇ ಸಂಕಪ್ಪ ಎದೆಯುಬ್ಬಿಸಿ ಹೋದ.

"ನೋಡಿದ್ಯಾ? ನನ್ನ ಫೋಟೋದಿಂದನ ಸಂಬಂಧ ಕೂಡಿತು."

"ಹೌದ್ರಿ. ಫೋಟೋ ಕೆಟ್ಟದ್ದಕ್ಕ ಬೀಗರು ಬಂದ್ರು, ನೀವು ತಿಳಿಸಿ ಹೇಳಿದ್ದಕ್ಕ ಎದ್ದು ಹೊಂಟಿದ್ರು," ಎಂದಳು ನಾಗವ್ವ, ಚಹಾ ಸೋಸುತ್ತ. "ಇನ್ನ ಲಗ್ನ ಆಗೂತನಕ ಎಷ್ಟು ಬೇಕಾದ್ರೂ ಫೋಟೋ ಕೆಡಿಸ್ರಿ. ತಿಳಿಸಿ ಮಾತ್ರ ಹೇಳಬ್ಯಾಡ್ರಿ."